ಸೋತಾಗ ಯಾರನ್ನು ಮನೆಗೆ ಕಳಿಸಬೇಕು?

ಮಕ್ಕಳೇ, 2025ರ ಜೂನ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಸ್ವಲ್ಪ ಅಡ್ಡಾಗೋಣ ಅಂದುಕೊಳ್ಳುವಷ್ಟರಲ್ಲಿ ಇಂಗ್ಲೆಂಡಿನಿಂದ ಮೊಮ್ಮಗನ ಫೋನು ಬಂತು. ಅವನದು ಯಾವಾಗಲೂ ಪೀಠಿಕೆಯಿಲ್ಲದ ಮಾತು.

“ಅಜ್ಜ, ಕೇಳಿದ್ಯಾ? ಟಾಟನ್‌ಹ್ಯಾಮ್‌ನವರು ಅವರ ಮ್ಯಾನೇಜರ್‌ನ ಕೆಲಸದಿಂದ ತೆಗೆದ್ರು!”

“ಯಾಕಪ್ಪಾ, ಸೋತ್ರಾ?”

“ಇಲ್ಲ ಅಜ್ಜ, ಗೆದ್ರು! ಕಪ್ ಗೆದ್ದು ಹದಿನಾರು ದಿನಕ್ಕೆ ತೆಗೆದ್ರು. ಸೋತಿದ್ದು ನಮ್ಮ ಯುನೈಟೆಡ್. ನಮ್ಮ ಮ್ಯಾನೇಜರ್ ಇನ್ನೂ ಇದಾರೆ. ಇದ್ಯಾವ ನ್ಯಾಯ?”

ನನ್ನ ನಿದ್ದೆ ಹಾರಿಹೋಯಿತು. ಗೆದ್ದವನನ್ನು ಕಳಿಸಿ, ಸೋತವನನ್ನು ಇಟ್ಟುಕೊಳ್ಳುವ ಆಟ ಯಾವುದಿದು?

ಮೊದಲು ಸಂಗತಿ ಏನೆಂದು ಹೇಳುತ್ತೇನೆ. 2025ರ ಮೇ 21ರಂದು ಸ್ಪೇನಿನ ಬಿಲ್ಬಾವೊ ನಗರದಲ್ಲಿ ಯುರೋಪಾ ಲೀಗ್ ಫೈನಲ್ ನಡೆಯಿತು. ಟಾಟನ್‌ಹ್ಯಾಮ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1-0ಯಿಂದ ಸೋಲಿಸಿತು. ಟಾಟನ್‌ಹ್ಯಾಮ್‌ಗೆ 17 ವರ್ಷಗಳ ಮೇಲೆ ಸಿಕ್ಕ ಕಪ್ ಅದು. ಆದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 20 ತಂಡಗಳ ಪಟ್ಟಿಯಲ್ಲಿ ಅದೇ ತಂಡ 17ನೆಯದು. ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ. ಇವರು ಅದಕ್ಕೆ ಒಂದೇ ಮೆಟ್ಟಿಲು ಮೇಲೆ. ಆ ಕಾರಣಕ್ಕೆ ಮಾಲೀಕರು ಆಂಜೆ ಪೋಸ್ಟೆಕೊಗ್ಲು ಎಂಬ ಮ್ಯಾನೇಜರ್‌ಗೆ ಜೂನ್ 6ರಂದು ವಿದಾಯ ಹೇಳಿದರು. ಮ್ಯಾನೇಜರ್ ಎಂದರೆ ಅಲ್ಲಿ ಬ್ಯಾಂಕಿನ ಮ್ಯಾನೇಜರ್ ಇದ್ದಹಾಗಲ್ಲ. ಆಟಗಾರರನ್ನು ಆರಿಸಿ, ಆಡಿಸಿ, ತಿದ್ದುವ ಗುರು.

ಇನ್ನು ನಮ್ಮ ಮೊಮ್ಮಗನ ಯುನೈಟೆಡ್? 15ನೇ ಸ್ಥಾನ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಆ ತಂಡ ಇಷ್ಟು ಕೆಳಗೆ ಹೋಗಿದ್ದೇ ಇಲ್ಲ. ಕಪ್ಪೂ ಇಲ್ಲ. ಆದರೂ ರೂಬೆನ್ ಅಮೊರಿಮ್ ಎಂಬ ಮ್ಯಾನೇಜರ್ ಆಗ ಉಳಿದುಕೊಂಡಿದ್ದರು. ಮ್ಯಾಂಚೆಸ್ಟರ್‌ನ ಮನೆಮನೆಯಲ್ಲೂ ಆಗ ಒಂದೇ ಚರ್ಚೆಯಂತೆ: ಮಾಲೀಕರು ಇವರನ್ನು ಬದಲಾಯಿಸುತ್ತಾರಾ, ಇಲ್ಲವಾ?

ಈ ಚರ್ಚೆ ನನಗೆ ಹೊಸತಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ನಾನು ಅದರ ನಡುವೆಯೇ ಕುಳಿತಿದ್ದೆ.

ನನ್ನ ಮಗಳು ಅಳಿಯ ಇರುವುದು ಮ್ಯಾಂಚೆಸ್ಟರ್‌ಗೆ ಅಂಟಿಕೊಂಡಿರುವ ಸೇಲ್ ಎಂಬ ಊರಿನಲ್ಲಿ. ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಅಲ್ಲಿಂದ ಟ್ರಾಮ್ ಹತ್ತಿದರೆ ಕಾಲು ಗಂಟೆಯೂ ಬೇಡ. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಾನು ಅಲ್ಲಿದ್ದೆ. ಮೇಷ್ಟರ ಕೆಲಸ ಮಾಡಿ ನಿವೃತ್ತನಾದ ನನಗೆ ಕಬಡ್ಡಿ, ಖೋ ಖೋ, ವಾಲಿಬಾಲ್ ಗೊತ್ತು. ಫುಟ್‌ಬಾಲ್ ಎಂದರೆ ಇಪ್ಪತ್ತೆರಡು ಜನ ಒಂದು ಚೆಂಡಿನ ಹಿಂದೆ ಓಡುವುದು ಎಂಬಷ್ಟೇ ಜ್ಞಾನ.

ಅಕ್ಟೋಬರ್ 28ರ ಸಂಜೆ ಅಳಿಯಂದಿರು ಕೆಲಸದಿಂದ ಬಂದವರು ಕೋಟನ್ನೂ ಬಿಚ್ಚದೆ, “ಕೊನೆಗೂ ತೆಗೆದರು!” ಎಂದರು. ಆಗಿದ್ದ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ಅಂದು ಮನೆಗೆ ಕಳಿಸಿದ್ದರು. ತಂಡ ಆಗ 14ನೇ ಸ್ಥಾನದಲ್ಲಿತ್ತು. ಅಳಿಯಂದಿರಿಗೆ ಸಮಾಧಾನ, ಮೊಮ್ಮಗನಿಗೆ ಕೋಪ.

“ಅಪ್ಪ, ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದುಕೊಟ್ಟಿದ್ದು ಇವರೇ ಅಲ್ವಾ?”

“ಗೆದ್ದರೇನು? ಲೀಗ್‌ನಲ್ಲಿ ಎಂಟನೇ ಸ್ಥಾನ ಬಂದಿದ್ದೂ ಇವರ ಕಾಲದಲ್ಲೇ.”

“ಹಾಗಾದ್ರೆ ಜುಲೈನಲ್ಲಿ ಇವರ ಒಪ್ಪಂದ ಮುಂದುವರಿಸಿದ್ದು ಯಾಕೆ? ನಾಲ್ಕು ತಿಂಗಳಲ್ಲಿ ತೆಗೆಯೋಕಾ?”

ಅಳಿಯಂದಿರು ಸುಮ್ಮನಾದರು. ಅಡಿಗೆಮನೆಯಿಂದ ಮಗಳು, “ಇಬ್ಬರೂ ಬನ್ನಿ, ಸಾರು ಆರಿಹೋಗ್ತಿದೆ” ಎಂದಳು. ನನಗೆ ಮಾತ್ರ ಹುಡುಗನ ಪ್ರಶ್ನೆ ಸರಿಯಾಗಿದೆ ಅನ್ನಿಸಿತು.

ಮರುದಿನ ಪಕ್ಕದ ಮನೆಯ ಅಜ್ಜನ ಹತ್ತಿರ ಈ ಮಾತು ತೆಗೆದೆ. ನನಗಿಂತ ನಾಲ್ಕು ವರ್ಷ ದೊಡ್ಡವರು, ಬಸ್ ಚಾಲಕರಾಗಿ ನಿವೃತ್ತರಾದವರು. ಹುಡುಗನಾಗಿದ್ದಾಗಿನಿಂದ ಯುನೈಟೆಡ್ ಆಟ ನೋಡುತ್ತ ಬಂದವರು. ಬೇಲಿಯ ಆಚೆ ಅವರು, ಈಚೆ ನಾನು. ಅವರು ನಕ್ಕು, “ಮೇಷ್ಟ್ರೇ, ನಿಮಗೆ ನನ್ನ ಜೀವನದ ಒಂದು ನಾಚಿಕೆಗೇಡಿನ ಕಥೆ ಹೇಳುತ್ತೇನೆ, ಒಳಗೆ ಬನ್ನಿ” ಎಂದು ಕರೆದು ಚಹಾ ಕೊಟ್ಟರು.

ಆ ಕಥೆ ಹೀಗಿದೆ.

1986ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನಿಂದ ಅಲೆಕ್ಸ್ ಫರ್ಗುಸನ್ ಎಂಬವರು ಯುನೈಟೆಡ್ ಮ್ಯಾನೇಜರ್ ಆಗಿ ಬಂದರು. ಹಡಗು ಕಟ್ಟುವ ಕೆಲಸಗಾರನ ಮಗ. ಯುನೈಟೆಡ್ ಲೀಗ್ ಗೆದ್ದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಮೊದಲ ವರ್ಷ ತಂಡ 11ನೆಯದಾಯಿತು. ಮರುವರ್ಷ ಎರಡನೆಯದು. ಎಲ್ಲರಿಗೂ ಆಸೆ ಹುಟ್ಟಿತು. ಮೂರನೇ ವರ್ಷ ಮತ್ತೆ 11.

1989ರ ಆಗಸ್ಟ್‌ನಲ್ಲಿ ಒಂದು ತಮಾಷೆ ನಡೆಯಿತು. ಕ್ಲಬ್‌ನ ಅಧ್ಯಕ್ಷರೂ ದೊಡ್ಡ ಪಾಲುದಾರರೂ ಆಗಿದ್ದ ಮಾರ್ಟಿನ್ ಎಡ್ವರ್ಡ್ಸ್ ತಮ್ಮ ಪಾಲನ್ನು ಮಾರಲು ಹೊರಟಿದ್ದರು. ಕೊಳ್ಳಲು ಬಂದವರು ಮೈಕೆಲ್ ನೈಟನ್ ಎಂಬ ವ್ಯಾಪಾರಿ. ಪಂದ್ಯ ಶುರುವಾಗುವ ಮುಂಚೆ ಅವರು ತಂಡದ ಅಂಗಿ ತೊಟ್ಟು ಮೈದಾನಕ್ಕೆ ಇಳಿದು, ಚೆಂಡನ್ನು ಕಾಲಿನಲ್ಲಿ ಪುಟಿಸುತ್ತ ಹೋಗಿ, ಖಾಲಿ ಗೋಲಿಗೆ ಒದ್ದು ಜನರಿಗೆ ಕೈ ಬೀಸಿದರು. ಜನ ಕುಣಿದಾಡಿದರು. ಅಂದಿನ ಪಂದ್ಯವನ್ನೂ ತಂಡ 4-1ರಿಂದ ಗೆದ್ದಿತು. ಆದರೆ ಕೆಲವೇ ವಾರಗಳಲ್ಲಿ ಆ ವ್ಯವಹಾರ ಮುರಿದುಬಿತ್ತು. ಮಾಲೀಕನಾಗುವವನು ಚೆಂಡು ಪುಟಿಸಿದರೆ ತಂಡ ಗೆಲ್ಲುವುದಿಲ್ಲವಲ್ಲ!

ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ ಎದುರು 5-1ರ ಸೋಲು. ಡಿಸೆಂಬರ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲೇ ಕ್ರಿಸ್ಟಲ್ ಪ್ಯಾಲೆಸ್ ಎದುರು ಸೋಲು. ಅಂದು ಒಬ್ಬ ಅಭಿಮಾನಿ ಬಟ್ಟೆಯ ಮೇಲೆ ಬರೆದು ಎತ್ತಿ ಹಿಡಿದ ಮಾತು ಊರಿಗೆಲ್ಲ ಹರಡಿತು. ಮೂರು ವರ್ಷದಿಂದ ಬರೀ ನೆಪ ಕೇಳಿದ್ದೇವೆ, ಇನ್ನು ಹೊರಡಿ ಫರ್ಗಿ ಎಂಬ ಅರ್ಥದ ಬರಹ ಅದು.

“ಆ ಬಟ್ಟೆ ನನ್ನದಲ್ಲ” ಎಂದರು ಪಕ್ಕದ ಮನೆ ಅಜ್ಜ. “ಆದರೆ ಅದನ್ನು ನೋಡಿ ಕೂಗಿದವರಲ್ಲಿ ನಾನೂ ಇದ್ದೆ. ಗಂಟಲು ಹರಿಯುವಷ್ಟು ಕೂಗಿದೆ. ಮನೆಗೆ ಬಂದು ಹೆಂಡತಿಗೆ, ‘ನಾಳೆ ಬೆಳಿಗ್ಗೆ ಅವನನ್ನು ಕಳಿಸಿಯೇ ಕಳಿಸುತ್ತಾರೆ’ ಅಂತ ಬಾಜಿ ಕಟ್ಟಿದೆ.”

ಕಳಿಸಲಿಲ್ಲ. 1990ರ ಜನವರಿ 7ರಂದು ಎಫ್‌ಎ ಕಪ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಅವರದೇ ಊರಿನಲ್ಲಿ ಪಂದ್ಯ. ಸೋತರೆ ಫರ್ಗುಸನ್ ಕಥೆ ಮುಗಿಯಿತು ಎಂದು ಪತ್ರಿಕೆಗಳು ಬರೆದಿದ್ದವು. ಮಾರ್ಕ್ ರಾಬಿನ್ಸ್ ಎಂಬ 20 ವರ್ಷದ ಹುಡುಗ ಒಂದೇ ಒಂದು ಗೋಲು ಹೊಡೆದ. ತಂಡ ಗೆದ್ದಿತು. ಆ ವರ್ಷ ಮೇ ತಿಂಗಳಲ್ಲಿ ಅದೇ ಕ್ರಿಸ್ಟಲ್ ಪ್ಯಾಲೆಸ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಕಪ್ಪನ್ನೂ ಗೆದ್ದಿತು. 1993ರಲ್ಲಿ, 26 ವರ್ಷಗಳ ನಂತರ, ಲೀಗ್ ಗೆದ್ದಿತು. ಫರ್ಗುಸನ್ 2013ರವರೆಗೆ ಇದ್ದರು. 13 ಬಾರಿ ಲೀಗ್, 5 ಬಾರಿ ಎಫ್‌ಎ ಕಪ್, 2 ಬಾರಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ಈಗ ಮೈದಾನದ ಹೊರಗೆ ಅವರ ಕಂಚಿನ ಪ್ರತಿಮೆ ಇದೆ.

“ಅದರ ಮುಂದೆ ಹಾದುಹೋಗುವಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ” ಎಂದು ಅಜ್ಜ ನಕ್ಕರು.

ನಾನು ಮೇಷ್ಟರಲ್ಲವೇ, ಕಥೆ ಕೇಳಿದ ಕೂಡಲೇ ನೀತಿ ಹೇಳಲು ಹೊರಟೆ. “ಹಾಗಾದರೆ ತಾಳ್ಮೆಯೇ ದೊಡ್ಡದು ಅಂತಾಯಿತು. ನಮ್ಮಲ್ಲಿ ತಾಳಿದವನು ಬಾಳಿಯಾನು ಅಂತ ಗಾದೆಯಿದೆ.”

ಅವರು ತಲೆ ಅಲ್ಲಾಡಿಸಿದರು. “ಅಲ್ಲ ಮೇಷ್ಟ್ರೇ. ಆ ಕಥೆಯನ್ನು ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅದಕ್ಕೇ ತಪ್ಪಾಗುತ್ತಿರುವುದು.”

ಅವರು ಹೇಳಿದ್ದು ನನ್ನ ಕಣ್ಣು ತೆರೆಸಿತು. ರಾಬಿನ್ಸ್ ಗೋಲು ಹೊಡೆದಿದ್ದರಿಂದ ಫರ್ಗುಸನ್ ಕೆಲಸ ಉಳಿಯಿತು ಎಂಬುದು ಜನಪ್ರಿಯ ಕಥೆ. ಆದರೆ ಅಂದು ಸೋತಿದ್ದರೂ ತೆಗೆಯುತ್ತಿರಲಿಲ್ಲ ಎಂದು ಎಡ್ವರ್ಡ್ಸ್ ಮುಂದೆ ಹೇಳಿದರು. ಯಾಕೆ? ಹೊರಗಿದ್ದ ಜನ ನೋಡುತ್ತಿದ್ದುದು ಶನಿವಾರದ ಗೋಲುಗಳನ್ನು. ಒಳಗಿದ್ದವರಿಗೆ ವಾರವಿಡೀ ನಡೆಯುವ ಕೆಲಸವೂ ಕಾಣುತ್ತಿತ್ತು. ಫರ್ಗುಸನ್ ಬಂದವರೇ ಊರೂರಲ್ಲಿ ಚಿಕ್ಕ ಹುಡುಗರನ್ನು ಹುಡುಕುವ ಏರ್ಪಾಡನ್ನು ಹೊಸದಾಗಿ ಕಟ್ಟಿದರು. 1987ರ ನವೆಂಬರ್‌ನಲ್ಲಿ ಒಬ್ಬ ಹುಡುಗನ 14ನೇ ಹುಟ್ಟುಹಬ್ಬದ ದಿನ ತಾವೇ ಅವನ ಮನೆಗೆ ಹೋಗಿ ಕ್ಲಬ್‌ಗೆ ಸೇರಿಸಿಕೊಂಡರು. ಆ ಹುಡುಗನೇ ಮುಂದೆ ಲೋಕವೆಲ್ಲ ಕೊಂಡಾಡಿದ ರಯಾನ್ ಗಿಗ್ಸ್. 1992ರಲ್ಲಿ ಕಿರಿಯರ ಎಫ್‌ಎ ಕಪ್ ಗೆದ್ದ ತಂಡದಲ್ಲಿ ಗಿಗ್ಸ್ ಜೊತೆ ಡೇವಿಡ್ ಬೆಕಮ್, ನಿಕಿ ಬಟ್, ಗ್ಯಾರಿ ನೆವಿಲ್ ಕೂಡ ಇದ್ದರು.

ನನಗೆ ನಮ್ಮ ಕಡೆಯ ಅಡಿಕೆ ತೋಟದ ನೆನಪಾಯಿತು. ಸಸಿ ನೆಟ್ಟ ಮೂರನೇ ವರ್ಷಕ್ಕೆ ಗೊನೆ ಎಲ್ಲಿ ಎಂದು ಕೇಳಿದರೆ ಕೊಡುವುದು ಎಲ್ಲಿಂದ? ಆದರೆ ನೆಟ್ಟ ಸಸಿಯೇ ಇಲ್ಲದ ತೋಟದಲ್ಲಿ ಹತ್ತು ವರ್ಷ ಕಾದರೂ ಗೊನೆ ಬರುವುದಿಲ್ಲ. ಕಾಯುವ ಮೊದಲು ಕೆಳಗೆ ಸಸಿ ಇದೆಯಾ ಎಂದು ಬಗ್ಗಿ ನೋಡಬೇಕು.

“ಫರ್ಗುಸನ್ ಹೋದ ಮೇಲೆ ಏನಾಯಿತು ನೋಡಿ” ಎಂದು ಅಜ್ಜ ಬೆರಳು ಮಡಿಸಿದರು. ಡೇವಿಡ್ ಮೋಯ್ಸ್ ಬಂದರು, ಒಂದು ವರ್ಷವೂ ತುಂಬಲಿಲ್ಲ. ಆಮೇಲೆ ಲೂಯಿ ವಾನ್ ಗಾಲ್. ಅವರನ್ನು ಕಪ್ ಗೆದ್ದ ಕೂಡಲೇ ಕಳಿಸಿದರು. ಜೋಸೆ ಮೌರಿನ್ಯೊ, ಓಲೆ ಗುನ್ನಾರ್ ಸೋಲ್‌ಶಾರ್, ಈಗ ಟೆನ್ ಹಾಗ್. ನಡುವೆ ತಾತ್ಕಾಲಿಕವಾಗಿ ಬಂದುಹೋದವರು ಬೇರೆ. ಒಬ್ಬರಿಗೆ ಎತ್ತರದ ಆಟಗಾರರು ಬೇಕು, ಇನ್ನೊಬ್ಬರಿಗೆ ವೇಗದವರು. ಒಬ್ಬರು ಕೊಂಡ ಆಟಗಾರ ಮುಂದಿನವರಿಗೆ ಬೇಡ. ಹಣವೇನೋ ನೀರಿನಂತೆ ಹರಿಯಿತು. ಐವರು ಗುರುಗಳೂ ಸೋತರು. ಐವರೂ ದಡ್ಡರಾ?

ನಾನು ಹೇಳಿದೆ: “ನಮ್ಮಲ್ಲಿ ಇನ್ನೊಂದು ಗಾದೆಯಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.” ಅರ್ಥ ಬಿಡಿಸಿ ಹೇಳಿದಾಗ ಅಜ್ಜ ಮೇಜು ತಟ್ಟಿ ತಟ್ಟಿ ನಕ್ಕರು.

ಜ್ವರ ಬಂದ ಎತ್ತು ಯಾವುದು? ಅವರ ಪ್ರಕಾರ ಮಾಲೀಕತ್ವ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಅದರಲ್ಲಿ ಬಹುಪಾಲು ಸಾಲ. ಆ ಸಾಲದ ದೊಡ್ಡ ಭಾಗ ಕ್ಲಬ್ಬಿನ ತಲೆಯ ಮೇಲೆಯೇ ಬಂತು. ಅಜ್ಜ-ಅಜ್ಜಿಯರೇ, ನಿಮಗೆ ಸುಲಭವಾಗಿ ತಿಳಿಯುವಂತೆ ಹೇಳುತ್ತೇನೆ. ಒಬ್ಬ ಮನುಷ್ಯ ಸಾಲ ಮಾಡಿ ಒಂದು ವಠಾರ ಕೊಳ್ಳುತ್ತಾನೆ. ಸಾಲವನ್ನು ವಠಾರದ ಲೆಕ್ಕಕ್ಕೇ ಬರೆಯುತ್ತಾನೆ. ಬಾಡಿಗೆದಾರರು ಕೊಟ್ಟ ಹಣ ಸೂರು ರಿಪೇರಿಗೆ ಹೋಗುವ ಬದಲು ಬಡ್ಡಿಗೆ ಹೋಗುತ್ತದೆ. ಓಲ್ಡ್ ಟ್ರಾಫರ್ಡ್‌ನ ಸೂರು ಮಳೆ ಬಂದಾಗ ನಿಜಕ್ಕೂ ಸೋರುತ್ತದೆ, ಮಕ್ಕಳೇ!

2024ರ ಫೆಬ್ರವರಿಯಲ್ಲಿ ಜಿಮ್ ರಾಟ್‌ಕ್ಲಿಫ್ ಎಂಬ ಇಂಗ್ಲೆಂಡಿನ ಉದ್ಯಮಿ ನೂರು ಕೋಟಿ ಪೌಂಡಿಗಿಂತ ಹೆಚ್ಚು ಕೊಟ್ಟು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು ಕೊಂಡರು. ಆಟದ ಆಡಳಿತ ಅವರ ಕೈಗೆ ಬಂತು. ಅಭಿಮಾನಿಗಳು ಖುಷಿಪಟ್ಟರು. ನಮ್ಮ ಅಳಿಯಂದಿರೂ, “ಇನ್ನು ಎಲ್ಲ ಸರಿಹೋಗುತ್ತೆ ಮಾವ” ಎನ್ನುತ್ತಿದ್ದರು. ಹೊಸಬರು ಆಡಳಿತವನ್ನು ಬದಲಿಸಿದ್ದು ನಿಜ. ಆದರೆ ಹೇಗೆ? ಟೆನ್ ಹಾಗ್ ಒಪ್ಪಂದವನ್ನು ಮುಂದುವರಿಸಿ ನಾಲ್ಕೇ ತಿಂಗಳಿಗೆ ತೆಗೆದರು. ಆಟದ ವಿಭಾಗಕ್ಕೆ ನಿರ್ದೇಶಕ ಎಂದು ಜುಲೈನಲ್ಲಿ ಬಂದ ಡ್ಯಾನ್ ಆಶ್ವರ್ತ್ ಡಿಸೆಂಬರ್‌ನಲ್ಲಿ ಹೊರಟುಹೋದರು. ಸುಮಾರು 250 ಜನ ಕೆಲಸಗಾರರ ನೌಕರಿ ಹೋಯಿತು.

ನವೆಂಬರ್ ಕೊನೆಗೆ ಇನ್ನೊಂದು ಸುದ್ದಿ ಬಂತು. ಆ ವರ್ಷದ ಉಳಿದ ಪಂದ್ಯಗಳಿಗೆ ಸದಸ್ಯರಿಗೆ ಮಾರುವ ಟಿಕೆಟ್ ಬೆಲೆ 66 ಪೌಂಡ್. ಅಂದರೆ ಸುಮಾರು 7,000 ರೂಪಾಯಿ. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ, ಯಾವ ರಿಯಾಯಿತಿಯೂ ಇಲ್ಲ. ಅದಕ್ಕೆ ಮೊದಲು ಮಕ್ಕಳ ಟಿಕೆಟ್ 25 ಪೌಂಡಿನಿಂದ ಸಿಗುತ್ತಿತ್ತು.

ಆ ದಿನ ಪಕ್ಕದ ಮನೆ ಅಜ್ಜ ಬೇಲಿಯ ಹತ್ತಿರ ಬಂದಾಗ ನಗಲಿಲ್ಲ. ಅವರಿಗೆ ಹನ್ನೊಂದು ವರ್ಷದ ಮೊಮ್ಮಗಳಿದ್ದಾಳೆ. ವರ್ಷಕ್ಕೆ ನಾಲ್ಕಾರು ಪಂದ್ಯಕ್ಕೆ ಇಬ್ಬರೂ ಕೈ ಹಿಡಿದುಕೊಂಡು ಹೋಗುತ್ತಿದ್ದರು. “ತಂಡ ಸೋತರೆ ಬೇಜಾರಾಗುತ್ತದೆ ಮೇಷ್ಟ್ರೇ, ಆದರೆ ಅದು ಸೋಮವಾರಕ್ಕೆ ಹೋಗುತ್ತದೆ. ನನ್ನನ್ನು ನಮ್ಮಪ್ಪ ಕರೆದುಕೊಂಡು ಹೋದ ಜಾಗಕ್ಕೆ ಇವಳನ್ನು ನಾನು ಕರೆದುಕೊಂಡು ಹೋಗಲಾರೆ ಅಂದರೆ, ಅದು ಹೋಗುವುದಿಲ್ಲ” ಎಂದರು.

ಡಿಸೆಂಬರ್ 1ರ ಭಾನುವಾರ ಎವರ್ಟನ್ ಎದುರು ಪಂದ್ಯವಿತ್ತು. ಆಟಕ್ಕೆ ಮುಂಚೆ ಅಭಿಮಾನಿಗಳು ಮೈದಾನದ ಹೊರಗೆ ಸೇರಿ ಪ್ರತಿಭಟಿಸಿದರು. ಅಜ್ಜ, ಅವರ ಮೊಮ್ಮಗಳು, ನಾನು, ನನ್ನ ಮೊಮ್ಮಗ ನಾಲ್ವರೂ ಟ್ರಾಮ್ ಹತ್ತಿ ಹೋದೆವು. ಚಳಿಗೆ ನನ್ನ ಮಂಗನಟೋಪಿ ನೋಡಿ ಹುಡುಗಿಗೆ ನಗು. ಅವಳ ಕೈಯಲ್ಲಿ ರಟ್ಟಿನ ಮೇಲೆ ಬರೆದ ಫಲಕ. ‘ನಾನು ದೊಡ್ಡವಳಾಗುವವರೆಗೆ ಕಾಯಬೇಕಾ?’ ಅಷ್ಟೇ ಬರೆದಿದ್ದಳು. ಅಂದು ಯುನೈಟೆಡ್ 4-0ಯಿಂದ ಗೆದ್ದಿತು. ನಾವು ಒಳಗೆ ಹೋಗಲಿಲ್ಲ. ಹೊರಗಿನಿಂದ ಗೋಲಿನ ಸದ್ದು ಕೇಳಿದಾಗೆಲ್ಲ ಮಕ್ಕಳಿಬ್ಬರೂ ಕುಣಿದರು. ಮಾಲೀಕರ ಮೇಲೆ ಕೋಪ, ತಂಡದ ಮೇಲೆ ಪ್ರೀತಿ. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಹುದು ಎಂದು ನನಗೆ ಗೊತ್ತಾಯಿತು.

ಹಾಗೆ ಕೂಗಿದರೆ ಮಾಲೀಕರು ಕೇಳುತ್ತಾರಾ? ಕೆಲವು ಸಲ ಕೇಳಿದ್ದಾರೆ. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್‌ಗಳು ತಮಗಾಗಿಯೇ ಬೇರೆ ಸೂಪರ್ ಲೀಗ್ ಮಾಡಿಕೊಳ್ಳಲು ಹೊರಟವು. ಅದರಲ್ಲಿ ಇಂಗ್ಲೆಂಡಿನವು ಆರು, ಯುನೈಟೆಡ್ ಕೂಡ ಸೇರಿತ್ತು. ಅಭಿಮಾನಿಗಳು ಬೀದಿಗಿಳಿದರು. ಮೂರು ದಿನದೊಳಗೆ ಆರೂ ಕ್ಲಬ್‌ಗಳು ಹಿಂದೆ ಸರಿದವು. ಕೆಲವು ಸಲ ಕೇಳುವುದಿಲ್ಲ. 2005ರಲ್ಲಿ ಗ್ಲೇಜರ್‌ರವರನ್ನು ಒಪ್ಪದ ಒಂದಷ್ಟು ಅಭಿಮಾನಿಗಳು ತಮ್ಮದೇ ಕ್ಲಬ್ ಕಟ್ಟಿದರು. ಹೆಸರು ‘ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್’. ಪ್ರತಿ ಸದಸ್ಯನಿಗೂ ಒಂದೇ ಮತ, ನಮ್ಮ ಹಾಲಿನ ಸೊಸೈಟಿಯ ಹಾಗೆ. ಚಿಕ್ಕ ಕ್ಲಬ್, ಚಿಕ್ಕ ಲೀಗ್, ಆದರೆ 2015ರಲ್ಲಿ ತಮ್ಮದೇ ಮೈದಾನ ಮಾಡಿಕೊಂಡರು. ಜರ್ಮನಿಯಲ್ಲಂತೂ ಕೆಲವು ಕ್ಲಬ್‌ಗಳನ್ನು ಬಿಟ್ಟರೆ ಉಳಿದೆಲ್ಲವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಸೋಲು ಅಲ್ಲಿಯೂ ಇದೆ, ಮ್ಯಾನೇಜರ್‌ಗಳನ್ನು ಅಲ್ಲಿಯೂ ತೆಗೆಯುತ್ತಾರೆ. ಆದರೆ ‘ಯಾಕೆ ತೆಗೆದಿರಿ?’ ಎಂದು ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಅಭಿಮಾನಿಗಿದೆ.

ಈಗ ಭಾನುವಾರದ ಫೋನಿಗೆ ವಾಪಸು ಬರೋಣ.

“ಹೇಳು ಅಜ್ಜ, ಅಮೊರಿಮ್‌ನ ಇಟ್ಕೋಬೇಕಾ, ಕಳಿಸ್ಬೇಕಾ?” ಎಂದು ಮೊಮ್ಮಗ ಹಟ ಹಿಡಿದ.

ನಾನು ಹೇಳಿದೆ: “ಅದು ನಂಗೆ ಗೊತ್ತಿಲ್ಲ ಮರಿ. ಆದರೆ ತೀರ್ಮಾನ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೋ. ಇವರನ್ನ ಆರಿಸಿದವರು ಯಾರು, ಅವರಿಗೆ ಅವರ ತಪ್ಪಿನ ಪಾಲು ಸಿಕ್ತಾ? ಇವರಿಗೆ ಕೆಲಸ ಮಾಡೋಕೆ ಏನು ಕೊಟ್ಟರು, ಎಷ್ಟು ಸಮಯ ಕೊಟ್ಟರು? ಮೂರನೇದು, ಮೇಲೆ ಗೊನೆ ಕಾಣದೇ ಹೋದ್ರೂ ಕೆಳಗೆ ಸಸಿ ಏಳ್ತಾ ಇದೆಯಾ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕಳಿಸು ಅಂದ್ರೂ ಸರಿ, ಇರಲಿ ಅಂದ್ರೂ ಸರಿ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಜ್ಜ, ನಮ್ಮ ಶಾಲೆ ಟೀಮಲ್ಲಿ ನಾಲ್ಕು ಮ್ಯಾಚ್ ಸೋತ್ವಿ. ಗೋಲ್‌ಕೀಪರ್‌ನ ಬದಲಾಯಿಸಿ ಅಂತ ನಾನೇ ಮೊದಲು ಹೇಳಿದ್ದೆ” ಎಂದ.

“ಹೌದಾ? ಬದಲಾಯಿಸಿದ್ರಾ?”

“ಹ್ಞೂಂ. ಐದನೇದೂ ಸೋತ್ವಿ.” ತುಸು ತಡೆದು ಹೇಳಿದ: “ಅವನ ಮುಂದೆ ನಿಂತು ತಡೀಬೇಕಾದೋನು ನಾನು.”

ನಾನು ಏನೂ ಹೇಳಲಿಲ್ಲ. ಹೇಳುವುದನ್ನು ಅವನೇ ಹೇಳಿಬಿಟ್ಟಿದ್ದ.

ಫೋನಿಡುವ ಮುಂಚೆ ಪಕ್ಕದ ಮನೆ ಅಜ್ಜನ ಬಗ್ಗೆ ಕೇಳಿದೆ. ಆರಾಮಾಗಿದ್ದಾರಂತೆ. 2025-26ರ ಸೀಸನ್ ಟಿಕೆಟ್ ದರ ಶೇಕಡಾ 5 ಏರಿತ್ತು. ಆದರೆ 16 ವರ್ಷದೊಳಗಿನವರ ದರ ಏರಿಸಿರಲಿಲ್ಲ. ಅಷ್ಟನ್ನಾದರೂ ಉಳಿಸಿಕೊಂಡೆವು ಎನ್ನುತ್ತಿದ್ದರಂತೆ. ಆಗಸ್ಟ್‌ನಲ್ಲಿ ಆಟ ಶುರುವಾದಾಗ ಒಂದು ಪಂದ್ಯಕ್ಕಾದರೂ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಆಗಿನಿಂದಲೇ ಡಬ್ಬಿಯಲ್ಲಿ ದುಡ್ಡು ಹಾಕುತ್ತಿದ್ದರು. ಮ್ಯಾನೇಜರ್ ಯಾರಿರುತ್ತಾರೋ, ಮಾಲೀಕರು ಯಾರಿರುತ್ತಾರೋ, ಆ ಇಬ್ಬರು ಮಾತ್ರ ಅಲ್ಲಿರುತ್ತಾರೆ.

ಮಕ್ಕಳೇ, ನಿಮ್ಮ ತಂಡ ಸೋತಾಗ ನೀವು ಮೊದಲು ಯಾರ ಕಡೆ ಬೆರಳು ತೋರಿಸಿದಿರಿ? ಈ ವಾರ ಅಜ್ಜನೋ ಅಜ್ಜಿಯೋ ಪಕ್ಕದಲ್ಲಿ ಕುಳಿತಾಗ ಹೇಳಿ ನೋಡಿ. ಅವರೂ ಒಂದು ಕಥೆ ಹೇಳುತ್ತಾರೆ. ಮುಂದಿನ ವಾರ ಸಿಗೋಣ.